ರಕ್ತ ಓದುವವರು

ತಾಲ್ಲೂಕು ಕೇಂದ್ರದ ಸಣ್ಣ ಲ್ಯಾಬಿನಲ್ಲೂ ಈಗ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಆಗುತ್ತದೆ. ತೋಳಿಗೆ ಪಟ್ಟಿ ಬಿಗಿದು, ಎರಡು ಮೂರು ಎಂಎಲ್ ರಕ್ತ ಎಳೆದು, ನೇರಳೆ ಮುಚ್ಚಳದ ಟ್ಯೂಬಿಗೆ ಬಿಟ್ಟು, ಏಳೆಂಟು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಾರೆ. ಟ್ಯೂಬಿನ ಒಳಗೋಡೆಗೆ ಬಳಿದಿರುವ ಇಡಿಟಿಎ ಎಂಬ ರಾಸಾಯನಿಕ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಸಿಗದ ರಕ್ತ ಹೆಪ್ಪುಗಟ್ಟುವುದಿಲ್ಲ. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಎಷ್ಟಾಯಿತು ಎಂದು ಆಸ್ಪತ್ರೆಗೆ ಓಡಾಡಿದವರಿಗೆಲ್ಲ ಈ ಟ್ಯೂಬು ಗೊತ್ತು. ರಕ್ತದ ಕ್ಯಾನ್ಸರಿನ ಮೊದಲ ಸುಳಿವು ಸಿಗುವುದೂ ಬಹುಪಾಲು ಇದರಿಂದಲೇ. ವಿಪರೀತ ಸುಸ್ತು, ಬಿಡದ ಜ್ವರ, ವಸಡಿನಲ್ಲಿ ರಕ್ತ, ಮೈಮೇಲೆ ಕೆಂಪು ಚುಕ್ಕೆ ಎಂದು ಬಂದವರ ಸಿಬಿಸಿಯಲ್ಲಿ ಅಂಕಿಗಳು ಹದ ತಪ್ಪಿರುತ್ತವೆ. ಇನ್ನು ಕೆಲವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಕಣ್ಣಿನ ಆಪರೇಷನ್ನಿಗೆ ಮುಂಚೆ ಮಾಡಿಸಿದ ಪರೀಕ್ಷೆಯಲ್ಲಿ ವಿಷಯ ಹೊರಬೀಳುತ್ತದೆ.

ರಕ್ತದ ಕ್ಯಾನ್ಸರ್ ಎನ್ನುವುದು ಒಂದು ಕಾಯಿಲೆಯಲ್ಲ. ಲುಕೇಮಿಯಾ, ಲಿಂಫೋಮಾ, ಮೈಲೋಮಾ ಎಂಬ ಮೂರು ದೊಡ್ಡ ಮನೆತನಗಳು, ಅವುಗಳ ಒಳಗೆ ಹತ್ತಾರು ಕವಲುಗಳು, ಪಕ್ಕದಲ್ಲಿ ಕ್ಯಾನ್ಸರಿನ ಗಡಿಯಲ್ಲೇ ನಿಂತಿರುವ ಮಜ್ಜೆಯ ಕಾಯಿಲೆಗಳು. ಒಂದಕ್ಕೆ ಮಾತ್ರೆ ಸಾಕು, ಇನ್ನೊಂದಕ್ಕೆ ಮಜ್ಜೆಯ ಕಸಿಯೇ ಬೇಕು, ಮತ್ತೊಂದಕ್ಕೆ ಕಾದು ನೋಡುವುದೇ ಚಿಕಿತ್ಸೆ. ಹೊಟ್ಟೆಯ ಗಡ್ಡೆಯನ್ನಾದರೆ ಸರ್ಜನ್ ಕೈಯಲ್ಲಿ ಮುಟ್ಟಿ ನೋಡಬಹುದು. ಲುಕೇಮಿಯಾದ ಹೆಸರು ಗೊತ್ತಾಗುವುದು ಲ್ಯಾಬಿನಲ್ಲೇ, ಅದೂ ಒಂದೇ ಪರೀಕ್ಷೆಯಿಂದಲ್ಲ. ಒಬ್ಬರು ಎಣಿಸುತ್ತಾರೆ, ಒಬ್ಬರು ನೋಡುತ್ತಾರೆ, ಮತ್ತೊಬ್ಬರು ಕಣದ ಮೈಮೇಲಿನ ಗುರುತು ಹುಡುಕುತ್ತಾರೆ, ಇನ್ನೊಬ್ಬರು ಅದರ ವರ್ಣತಂತು ಬಿಡಿಸುತ್ತಾರೆ. ಇವರಲ್ಲಿ ಯಾರೂ ಯಾರ ಕೆಲಸವನ್ನೂ ಅನಗತ್ಯ ಮಾಡಿಲ್ಲ ಎಂಬುದು ಈ ವಿದ್ಯೆಯಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ. 1901ರ ಬಣ್ಣ ಮತ್ತು ಇಂದಿನ ಜೀನ್ ಸೀಕ್ವೆನ್ಸಿಂಗ್ ಒಂದೇ ರೋಗಿಯ ಫೈಲಿನಲ್ಲಿ ಅಕ್ಕಪಕ್ಕ ಇರುತ್ತವೆ.

ಎಣಿಕೆಯಿಂದಲೇ ಶುರುಮಾಡೋಣ. ಅಮೆರಿಕದ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಒಂದು ಸರಳ ಉಪಾಯಕ್ಕೆ ಪೇಟೆಂಟ್ ಪಡೆದ. ಉಪ್ಪುನೀರಿನಲ್ಲಿ ತೆಳುಮಾಡಿದ ರಕ್ತವನ್ನು ಕೂದಲೆಳೆಯಷ್ಟು ಸಣ್ಣ ರಂಧ್ರದ ಮೂಲಕ ಹಾಯಿಸಬೇಕು, ರಂಧ್ರದ ಎರಡೂ ಬದಿಗೆ ಸಣ್ಣ ವಿದ್ಯುತ್ ಪ್ರವಾಹ ಇರಬೇಕು. ರಕ್ತಕಣ ವಿದ್ಯುತ್ತನ್ನು ಸರಿಯಾಗಿ ಹಾಯಗೊಡುವುದಿಲ್ಲ. ಒಂದೊಂದು ಕಣ ದಾಟಿದಾಗಲೂ ಪ್ರವಾಹದಲ್ಲಿ ಒಂದು ಮಿಡಿತ. ಮಿಡಿತಗಳ ಸಂಖ್ಯೆಯೇ ಕಣಗಳ ಸಂಖ್ಯೆ, ಮಿಡಿತದ ಎತ್ತರವೇ ಕಣದ ಗಾತ್ರ. ಅದಕ್ಕೂ ಮುಂಚೆ ಗೀಟು ಹಾಕಿದ ಗಾಜಿನ ಮೇಲೆ ಚೌಕ ಚೌಕವಾಗಿ ಕಣಗಳನ್ನು ಕಣ್ಣಿನಲ್ಲೇ ಎಣಿಸುತ್ತಿದ್ದರು. ಈಗಿನ ಯಂತ್ರಗಳು ಲೇಸರನ್ನೂ ಸೇರಿಸಿಕೊಂಡು ಒಂದು ನಿಮಿಷದೊಳಗೆ ಸಾವಿರಾರು ಕಣಗಳ ಲೆಕ್ಕ ಕೊಡುತ್ತವೆ. ಆರೋಗ್ಯವಂತ ದೊಡ್ಡವರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ಕಣ ಸುಮಾರು 4,000ದಿಂದ 11,000, ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ದೀರ್ಘಕಾಲದ ಮೈಲಾಯ್ಡ್ ಲುಕೇಮಿಯಾದಲ್ಲಿ ಬಿಳಿ ಕಣ ಎರಡು ಮೂರು ಲಕ್ಷ ಮುಟ್ಟುವುದುಂಟು. ಆದರೆ ಲುಕೇಮಿಯಾ ಎಂದರೆ ಬಿಳಿ ಕಣ ಏರಲೇಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೀವ್ರ ಲುಕೇಮಿಯಾದಲ್ಲಿ ಅದು ಎರಡು ಸಾವಿರಕ್ಕೆ ಇಳಿದಿರುವುದೂ ಅಪರೂಪವಲ್ಲ.

ಯಂತ್ರ ಮೋಸ ಹೋಗುವುದೂ ಉಂಟು. ಕೆಲವರ ರಕ್ತದಲ್ಲಿ ಇಡಿಟಿಎ ತಾಗಿದೊಡನೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪು ಕಟ್ಟುತ್ತವೆ. ಆ ಗುಂಪುಗಳನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಗುರುತಿಸುವುದಿಲ್ಲ. ವರದಿಯಲ್ಲಿ ಇಪ್ಪತ್ತು ಸಾವಿರ ಎಂದು ಬರುತ್ತದೆ, ಮೈಯಲ್ಲಿ ಎರಡು ಲಕ್ಷ ಇರುತ್ತದೆ. ಮನೆಮಂದಿ ಕಂಗಾಲಾಗುತ್ತಾರೆ. ಗಾಜಿನ ಮೇಲೆ ಎಳೆದು ನೋಡಿದರೆ ಅಂಚಿನಲ್ಲಿ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಸಿಟ್ರೇಟ್ ಹಾಕಿದ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದರೆ ಬಹುತೇಕ ಸರಿಯಾದ ಲೆಕ್ಕ ಸಿಗುತ್ತದೆ. ಹಾಗಾಗಿ ಅಂಕಿ ವಿಚಿತ್ರವಾಗಿದ್ದರೆ, ಇಲ್ಲವೇ ಯಂತ್ರವೇ ಬ್ಲಾಸ್ಟ್ ಎಂಬ ಎಳೆಯ ಕಣ ಇರಬಹುದೆಂದು ಗುರುತು ಹಾಕಿದರೆ, ಒಳ್ಳೆಯ ಲ್ಯಾಬಿನಲ್ಲಿ ಆ ಟ್ಯೂಬು ಸ್ಮಿಯರ್ ಮೇಜಿಗೆ ಹೋಗುತ್ತದೆ.

ಸ್ಮಿಯರ್ ಎಳೆಯುವುದನ್ನು ನಿಂತು ನೋಡಬೇಕು. ಶುಭ್ರ ಗಾಜಿನ ಸ್ಲೈಡಿನ ಒಂದು ತುದಿಯಲ್ಲಿ ಸಣ್ಣದೊಂದು ತೊಟ್ಟು ರಕ್ತ. ನುಣುಪಾದ ಅಂಚಿನ ಇನ್ನೊಂದು ಸ್ಲೈಡನ್ನು ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಲ್ಲಿ ಹಿಡಿದು, ಹಿಂದಕ್ಕೆ ಸರಿಸಿ ತೊಟ್ಟಿಗೆ ತಾಗಿಸುತ್ತಾರೆ. ರಕ್ತ ಅಂಚಿನುದ್ದಕ್ಕೂ ಹರಡುವ ಕ್ಷಣಕ್ಕೆ ಕಾದು, ಒಂದೇ ಉಸಿರಿನಲ್ಲಿ, ತಡೆಯಿಲ್ಲದೆ ಮುಂದಕ್ಕೆ ಎಳೆಯುತ್ತಾರೆ. ಒತ್ತಬಾರದು, ನಡುವೆ ನಿಲ್ಲಿಸಬಾರದು. ತೊಟ್ಟು ದೊಡ್ಡದಾದರೆ ಸ್ಮಿಯರ್ ದಪ್ಪ. ರಕ್ತಹೀನತೆ ಇರುವವರ ರಕ್ತ ನೀರಾಗಿರುವುದರಿಂದ ಕೋನ ತುಸು ಹೆಚ್ಚಿಸಿ ಬೇಗ ಎಳೆಯಬೇಕು. ಇದನ್ನು ಟೆಕ್ನಿಷಿಯನ್ನರ ಕೈ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಚೆನ್ನಾಗಿ ಬಂದ ಸ್ಮಿಯರ್ ನಾಲಗೆಯ ಆಕಾರದಲ್ಲಿ, ಬುಡದಲ್ಲಿ ದಪ್ಪ, ತುದಿಯಲ್ಲಿ ಕಾಣಿಸಿತೋ ಇಲ್ಲವೋ ಎಂಬಷ್ಟು ತೆಳು. ಓದಲು ಯೋಗ್ಯವಾದದ್ದು ತುದಿಗಿಂತ ಸ್ವಲ್ಪ ಒಳಗಿನ ಪಟ್ಟಿ. ಅಲ್ಲಿ ಕಣಗಳು ಒಂದರ ಮೇಲೊಂದು ಬೀಳದೆ ಒಂದೇ ಪದರದಲ್ಲಿ ಮಲಗಿರುತ್ತವೆ.

ಬಣ್ಣ ಹಾಕದೆ ಇದ್ದರೆ ಬಿಳಿ ಕಣಗಳಲ್ಲಿ ಯಾವುದು ಯಾವ ಜಾತಿ ಎಂದು ಹೇಳುವುದು ಕಷ್ಟ. ಜರ್ಮನಿಯ ಪಾಲ್ ಎರ್ಲಿಕ್ 1870ರ ದಶಕದ ಕೊನೆಯಲ್ಲಿ ಬಟ್ಟೆಗೆ ಹಾಕುವ ಅನಿಲಿನ್ ಬಣ್ಣಗಳನ್ನು ರಕ್ತಕ್ಕೆ ಹಾಕಿ ನೋಡಿ, ಬಿಳಿ ಕಣಗಳಲ್ಲಿ ಬಗೆಬಗೆ ಇವೆ ಎಂದು ತೋರಿಸಿದ. ನಮ್ಮ ದೇಶದ ಲ್ಯಾಬುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲೀಶ್‌ಮನ್ ಬಣ್ಣ. 1890ರ ದಶಕದಲ್ಲಿ ಭಾರತದಲ್ಲಿ ಬ್ರಿಟಿಷ್ ಸೈನ್ಯದ ವೈದ್ಯನಾಗಿದ್ದ ವಿಲಿಯಂ ಲೀಶ್‌ಮನ್ ಅದನ್ನು 1901ರಲ್ಲಿ ಪ್ರಕಟಿಸಿದ. ಅದೊಂದು ಮೆಥನಾಲ್ ದ್ರಾವಣ. ಸ್ಲೈಡಿನ ಮೇಲೆ ಸುರಿದೊಡನೆ ಮೆಥನಾಲ್ ಕಣಗಳನ್ನು ಗಾಜಿಗೆ ಕಚ್ಚಿಸುತ್ತದೆ. ಎರಡು ನಿಮಿಷದ ನಂತರ ಅದರ ಎರಡು ಪಟ್ಟು ಬಫರ್ ನೀರು ಸುರಿದು, ಊದಿ ಬೆರೆಸಿ, ಏಳೆಂಟು ನಿಮಿಷ ಬಿಡುತ್ತಾರೆ. ಅಸಲಿ ಬಣ್ಣ ಹತ್ತುವುದು ಆಗ. ಬಫರಿನ ಪಿಎಚ್ 6.8 ಇರಬೇಕು. ಅದು ಆಮ್ಲದ ಕಡೆ ವಾಲಿದರೆ ಎಲ್ಲ ಕೆಂಪು ಕೆಂಪು, ಕ್ಷಾರದ ಕಡೆ ವಾಲಿದರೆ ಎಲ್ಲ ನೀಲಿ. ಎರಡರಲ್ಲೂ ಓದುವವರಿಗೆ ತಲೆನೋವು. ಸರಿಯಾಗಿ ಬಂದರೆ ಕೆಂಪು ಕಣ ನಸುಗೆಂಪು, ಬಿಳಿ ಕಣದ ನ್ಯೂಕ್ಲಿಯಸ್ ನೇರಳೆ, ಸುತ್ತಲಿನ ದ್ರವ ಕಣದ ಜಾತಿಗೆ ತಕ್ಕಂತೆ ತಿಳಿಗುಲಾಬಿಯೋ ನೀಲಿಯೋ.

ಮೊದಲು ಚಿಕ್ಕ ಲೆನ್ಸಿನಲ್ಲಿ ಸ್ಲೈಡನ್ನೆಲ್ಲ ಒಂದು ಸುತ್ತು ಹಾಕುತ್ತಾರೆ, ಆಮೇಲೆ ಒಂದು ಹನಿ ಎಣ್ಣೆ ಬಿಟ್ಟು ನೂರರ ಲೆನ್ಸು ಇಳಿಸುತ್ತಾರೆ. ಬೆಳೆದ ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್ ಮೂರು ನಾಲ್ಕು ಹೋಳಾಗಿರುತ್ತದೆ. ಬೆಳೆದ ಲಿಂಫೋಸೈಟ್ ಚಿಕ್ಕದು, ಅದರ ನ್ಯೂಕ್ಲಿಯಸ್ ಗಟ್ಟಿ, ಕಪ್ಪು. ಬ್ಲಾಸ್ಟ್ ಎನ್ನುವುದು ಮಜ್ಜೆಯಲ್ಲೇ ಇರಬೇಕಾದ ಎಳೆಯ ಕಣ. ಗಾತ್ರ ದೊಡ್ಡದು, ನ್ಯೂಕ್ಲಿಯಸ್ಸೇ ಕಣವನ್ನೆಲ್ಲ ತುಂಬಿಕೊಂಡು ಸುತ್ತ ನೀಲಿ ಅಂಚೊಂದೇ ಉಳಿದಿರುತ್ತದೆ. ಆ ನ್ಯೂಕ್ಲಿಯಸ್ಸಿನ ಹೆಣಿಗೆ ನಯ, ಬಿಡಿಬಿಡಿ. ಒಳಗೆ ಒಂದೆರಡು ತಿಳಿ ನೀಲಿ ಮಚ್ಚೆ. ಕೆಲವು ಬ್ಲಾಸ್ಟ್‌ಗಳ ನೀಲಿ ದ್ರವದಲ್ಲಿ ಸಣ್ಣ ಸೂಜಿಯಂಥ ಕೆಂಪು ಗೆರೆಯೊಂದು ಕಾಣುತ್ತದೆ. ಅದಕ್ಕೆ ಔವರ್ ರಾಡ್ ಎನ್ನುತ್ತಾರೆ. 1906ರಲ್ಲಿ ಅದನ್ನು ವಿವರಿಸಿದ ಜಾನ್ ಔವರ್‌ನ ಹೆಸರು. ಅದೊಂದು ಕಂಡರೆ ಇದು ಲಿಂಫಾಯ್ಡ್ ಅಲ್ಲ, ಮೈಲಾಯ್ಡ್ ಕಡೆಯದು ಎಂದು ಧೈರ್ಯವಾಗಿ ಹೇಳಬಹುದು.

ಇಲ್ಲಿ ಅನುಭವದ ಬೆಲೆ ಗೊತ್ತಾಗುವುದು ಬ್ಲಾಸ್ಟನ್ನು ಗುರುತಿಸುವುದಕ್ಕಿಂತ, ಬ್ಲಾಸ್ಟ್ ಅಲ್ಲದ್ದನ್ನು ಅಲ್ಲ ಎನ್ನುವುದರಲ್ಲಿ. ಡೆಂಗಿಯಲ್ಲಿ ಲಿಂಫೋಸೈಟುಗಳು ದೊಡ್ಡದಾಗಿ, ನೀಲಿಯಾಗಿ, ಪಕ್ಕದ ಕೆಂಪು ಕಣಗಳನ್ನು ತಬ್ಬಿಕೊಂಡಂತೆ ಕಾಣುತ್ತವೆ. ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ. ತೀವ್ರ ಸೋಂಕಿನಲ್ಲಿ ಬಿಳಿ ಕಣ ಐವತ್ತು ಸಾವಿರ ದಾಟಿ ಲುಕೇಮಿಯಾದ ವೇಷ ಹಾಕುತ್ತದೆ. ಇನ್ನೂ ಚೋದ್ಯದ ವೇಷ ವಿಟಮಿನ್ ಬಿ12 ಕೊರತೆಯದು. ಅದು ಹೆಚ್ಚಾದಾಗ ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ, ಮಜ್ಜೆಯಲ್ಲಿ ಎಳೆಯ ಕಣಗಳೇ ತುಂಬಿರುತ್ತವೆ. ಆದರೆ ಸ್ಮಿಯರಿನಲ್ಲಿ ಕೆಂಪು ಕಣಗಳು ದೊಡ್ಡದಾಗಿ ಮೊಟ್ಟೆಯ ಆಕಾರದಲ್ಲಿರುತ್ತವೆ; ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್ ಮೂರು ನಾಲ್ಕು ಹೋಳಿನ ಬದಲು ಆರು ಏಳು ಹೋಳಾಗಿರುತ್ತದೆ. ಸಸ್ಯಾಹಾರಿಗಳು ಹೆಚ್ಚಿರುವ ನಮ್ಮಲ್ಲಿ ಇದನ್ನು ಮರೆಯುವಂತಿಲ್ಲ. ಕ್ಯಾನ್ಸರ್ ಎಂದು ಹೆದರಿ ಬಂದವರು ಇಂಜೆಕ್ಷನ್ ತೆಗೆದುಕೊಂಡು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುವುದನ್ನು ಕಾಣುವ ಭಾಗ್ಯ ಈ ವೃತ್ತಿಯಲ್ಲಿದೆ.

ಇನ್ನು ಒಂದು ಕಾಯಿಲೆಯಲ್ಲಿ ಸ್ಮಿಯರ್ ಓದುವವರ ಕಣ್ಣೇ ಪ್ರಾಣ ಉಳಿಸುತ್ತದೆ: ಅಕ್ಯೂಟ್ ಪ್ರೊಮೈಲೋಸೈಟಿಕ್ ಲುಕೇಮಿಯಾ. ಇದರ ಕಣಗಳ ತುಂಬ ಒರಟು ಕಾಳುಗಳು. ಕೆಲವು ಕಣಗಳಲ್ಲಿ ಔವರ್ ರಾಡ್‌ಗಳು ಒಂದಲ್ಲ, ಹತ್ತಾರು, ಸೌದೆ ಹೊರೆ ಕಟ್ಟಿದ ಹಾಗೆ. ಆ ಕಣಗಳಿಂದ ಹೊರಬೀಳುವ ವಸ್ತುಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಬುಡಮೇಲು ಮಾಡುತ್ತವೆ. ರೋಗಿ ಮಿದುಳಿನ ರಕ್ತಸ್ರಾವದಿಂದ ಒಂದೆರಡು ದಿನದಲ್ಲಿ ಹೋಗಿಬಿಡಬಹುದು. ಇಷ್ಟೊಂದು ಕ್ರೂರವಾದ ಕಾಯಿಲೆಗೆ ಇರುವ ಮದ್ದೂ ಅಷ್ಟೇ ಅಚ್ಚರಿಯದು: ವಿಟಮಿನ್ ಎ ವರ್ಗಕ್ಕೆ ಸೇರಿದ ಅಟ್ರಾ ಎಂಬ ಮಾತ್ರೆ. ಶಾಂಘೈನ ವೈದ್ಯ ವಾಂಗ್ ಝೆನ್‌ಯಿ 1980ರ ದಶಕದಲ್ಲಿ ಇದನ್ನು ಬಳಸಿ ತೋರಿಸಿದರು. ಮುಂದೆ ಆರ್ಸೆನಿಕ್ ಜೊತೆಗೂಡಿತು. ಮೊದಲ ಅಪಾಯದ ದಿನಗಳನ್ನು ದಾಟಿದವರಲ್ಲಿ ಬಹುಪಾಲು ಜನ ಈಗ ಗುಣವಾಗುತ್ತಾರೆ. ಈ ಕಾಯಿಲೆಯ ಕುರುಹಾಗಿ 15 ಮತ್ತು 17ನೆಯ ವರ್ಣತಂತುಗಳು ತುಂಡು ಬದಲಿಸಿಕೊಂಡಿವೆಯೇ ಎಂಬ ಖಚಿತ ಉತ್ತರ ಬರುವತನಕ ಕಾಯುವಂತಿಲ್ಲ. ಸ್ಲೈಡ್ ನೋಡಿದವರು ಅನುಮಾನ ಬಂದ ಕೂಡಲೇ, ಟೈಪಾದ ವರದಿಗೂ ಕಾಯದೆ, ಫೋನ್ ಎತ್ತಿ ವಾರ್ಡಿಗೆ ಹೇಳುತ್ತಾರೆ. ಮಾತ್ರೆ ಅಂದೇ ಶುರುವಾಗುತ್ತದೆ.

ಉಳಿದವರಿಗೆ ಮುಂದಿನ ಹೆಜ್ಜೆ ಸಾಮಾನ್ಯವಾಗಿ ಬೋನ್ ಮ್ಯಾರೋ, ಅಂದರೆ ಮಜ್ಜೆಯ ಪರೀಕ್ಷೆ. ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂಭಾಗದ ಎಲುಬಿನ ಉಬ್ಬಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ತಿರುಗಿಸುತ್ತ ಒಳಗಿಳಿಸುತ್ತಾರೆ. ಚರ್ಮ ಮರಗಟ್ಟುತ್ತದೆ, ಎಲುಬಿನ ಮೇಲ್ಪದರವೂ ಮರಗಟ್ಟುತ್ತದೆ. ಆದರೆ ಸಿರಿಂಜು ಎಳೆದಾಗ ಮಜ್ಜೆಯೊಳಗೆ ಆಗುವ ಚುರುಕ್ಕೆನ್ನುವ ನೋವಿಗೆ ಆ ಮದ್ದು ನಾಟುವುದಿಲ್ಲ. ಅದು ಕೆಲವು ಸೆಕೆಂಡುಗಳ ನೋವು. ಮುಂಚೆಯೇ ಹೇಳುವ ವೈದ್ಯರು ಒಳ್ಳೆಯವರು. ಸ್ಲೈಡಿಗೆ ಬೇಕಾದದ್ದು ಮೊದಲು ಬರುವ ಅರ್ಧ ಎಂಎಲ್‌ನಷ್ಟು ಮಾತ್ರ. ಆಮೇಲೆ ಬರುವುದರಲ್ಲಿ ಬರೀ ರಕ್ತ ಬೆರೆತಿರುತ್ತದೆ. ಗಾಜಿನ ಮೇಲೆ ಸುರಿದು ಓರೆ ಮಾಡಿದಾಗ ಕೆಂಪಿನ ನಡುವೆ ಬೂದುಬಿಳಿ ಕಾಳುಗಳು ಉಳಿದರೆ ಟೆಕ್ನಿಷಿಯನ್ ಮುಖ ಅರಳುತ್ತದೆ, ಅದೇ ನಿಜವಾದ ಮಜ್ಜೆ. ಐನೂರು ಕಣಗಳನ್ನು ಎಣಿಸಿ ಬ್ಲಾಸ್ಟ್ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. 20 ಅಥವಾ ಹೆಚ್ಚಾದರೆ ತೀವ್ರ ಮೈಲಾಯ್ಡ್ ಲುಕೇಮಿಯಾ ಎಂಬುದು ಸಾಮಾನ್ಯ ಗೆರೆ. ಕೆಲವು ವರ್ಣತಂತು ದೋಷಗಳಿದ್ದರೆ ಅಷ್ಟು ಇಲ್ಲದಿದ್ದರೂ ಆ ಹೆಸರೇ. ಜೊತೆಗೆ ಪೆನ್ಸಿಲ್ ಕಡ್ಡಿಯಷ್ಟು ತೆಳುವಾದ ಎಲುಬಿನ ತುಂಡೊಂದನ್ನೂ ತೆಗೆಯುತ್ತಾರೆ. ಅದನ್ನು ಫಾರ್ಮಲಿನ್ನಿನಲ್ಲಿಟ್ಟು, ಸುಣ್ಣದಂಶ ಕರಗಿಸಿ, ಮೇಣದಲ್ಲಿ ಅಚ್ಚು ಹಾಕಿ ಸೀಳಬೇಕಾದ್ದರಿಂದ ಅದರ ವರದಿ ಕೆಲವು ದಿನ ತಡ. ಮೈಲೋಫೈಬ್ರೋಸಿಸ್‌ನಂಥ ಕಾಯಿಲೆಯಲ್ಲಿ ಮಜ್ಜೆ ನಾರುಗಟ್ಟಿ ಸಿರಿಂಜಿಗೆ ಏನೂ ಬರುವುದಿಲ್ಲ. ಆಗ ಈ ತುಂಡೇ ಗತಿ.

ಬ್ಲಾಸ್ಟ್ ಇದೆ ಎಂದಾಯಿತು. ಯಾವ ಕುಲದ್ದು? ಔವರ್ ರಾಡ್ ಇಲ್ಲದಿದ್ದರೆ ಬರೀ ಕಣ್ಣಿನಲ್ಲಿ ಹೇಳುವುದು ಬಲ್ಲವರಿಗೂ ಕಷ್ಟ. ಫ್ಲೋ ಸೈಟೋಮೆಟ್ರಿ ಬರುವುದು ಇಲ್ಲಿ. ಪ್ರತಿ ಕಣದ ಮೈಮೇಲೂ ಪ್ರೋಟೀನ್ ಗುರುತುಗಳಿರುತ್ತವೆ; ಅವಕ್ಕೆ ಸಿಡಿ19, ಸಿಡಿ34 ಎಂದು ನಂಬರು. ಒಂದೊಂದು ಗುರುತಿಗೇ ಹೋಗಿ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿದರು; 1984ರಲ್ಲಿ ನೊಬೆಲ್ ಬಂತು. ಅಂಥ ಪ್ರತಿಕಾಯಗಳಿಗೆ ಬೇರೆ ಬೇರೆ ಹೊಳೆಯುವ ಬಣ್ಣ ಕಟ್ಟಿ ಮಾದರಿಗೆ ಬೆರೆಸಿ, ಕಣಗಳನ್ನು ಒಂದರ ಹಿಂದೊಂದು ಲೇಸರ್ ಮುಂದೆ ಹಾಯಿಸುತ್ತಾರೆ. ಒಂದೊಂದು ಕಣದ ಗಾತ್ರ, ಒಳಗಿನ ಕಾಳು, ಮೈಮೇಲಿನ ಹೊಳಪು ಎಲ್ಲ ಒಂದೇ ಸಲ ದಾಖಲಾಗುತ್ತದೆ. ಪರದೆಯ ಮೇಲೆ ಪ್ರತಿ ಕಣವೂ ಒಂದು ಚುಕ್ಕೆ. ನ್ಯೂಟ್ರೋಫಿಲ್‌ಗಳ ಮೋಡ ಒಂದು ಕಡೆ, ಲಿಂಫೋಸೈಟುಗಳ ಮೋಡ ಇನ್ನೊಂದು ಕಡೆ. ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಖಾಲಿ ಇರುವ ಜಾಗದಲ್ಲಿ ಹೊಸದೊಂದು ಮೋಡ ಕಂಡರೆ ಅದರ ಸುತ್ತ ಗೆರೆ ಎಳೆದು, ಇದಕ್ಕೆ ಯಾವ ಗುರುತು ಉಂಟು, ಯಾವುದಿಲ್ಲ ಎಂದು ಕೇಳುತ್ತ ಹೋಗುತ್ತಾರೆ. ಸಿಡಿ19, ಸಿಡಿ10 ಇದ್ದು ಟಿಡಿಟಿ ಎಂಬ ಗುರುತೂ ಇದ್ದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಿ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ. ಸಿಡಿ13, ಸಿಡಿ33, ಸಿಡಿ117 ಇದ್ದರೆ ಮೈಲಾಯ್ಡ್. ಚಿಕಿತ್ಸೆಯ ನಂತರ ಹತ್ತು ಸಾವಿರ ಕಣಗಳಲ್ಲಿ ಅಡಗಿರುವ ಒಂದೇ ಕ್ಯಾನ್ಸರ್ ಕಣವನ್ನೂ ಇದು ಹುಡುಕುತ್ತದೆ. ಮಗುವಿಗೆ ಮುಂದೆ ಕೀಮೋ ಹೆಚ್ಚಿಸಬೇಕೇ ಬೇಡವೇ ಎಂಬುದಕ್ಕೆ ಈಗ ದೊಡ್ಡ ಆಧಾರ ಆ ಒಂದು ಸಂಖ್ಯೆ. ಮಾದರಿ ಮಾತ್ರ ತಾಜಾ ಇರಬೇಕು. ಕಾರವಾರದಲ್ಲಿ ತೆಗೆದದ್ದು ಬೆಂಗಳೂರಿಗೆ ಬರುವಾಗ ಎರಡು ದಿನ ಎಲ್ಲೋ ಉಳಿದುಬಿಟ್ಟರೆ ಕಣಗಳು ಸಾಯುತ್ತವೆ, ಎಷ್ಟು ದುಬಾರಿ ಯಂತ್ರವಿದ್ದರೂ ಉತ್ತರ ಬರುವುದಿಲ್ಲ.

ವರ್ಣತಂತುಗಳ ಕಥೆ ಇನ್ನೂ ಸ್ವಾರಸ್ಯದ್ದು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್, ಡೇವಿಡ್ ಹಂಗರ್‌ಫರ್ಡ್ ಇಬ್ಬರೂ ದೀರ್ಘಕಾಲದ ಮೈಲಾಯ್ಡ್ ಲುಕೇಮಿಯಾ ರೋಗಿಗಳಲ್ಲಿ ಅತಿ ಚಿಕ್ಕ ವರ್ಣತಂತುವೊಂದನ್ನು ಕಂಡರು. ನೊವೆಲ್ ಸ್ಲೈಡ್ ತೊಳೆಯಲು ನಲ್ಲಿ ನೀರು ಬಳಸಿದ್ದರಿಂದ ಕಣಗಳು ಉಬ್ಬಿ ವರ್ಣತಂತುಗಳು ಬಿಡಿಬಿಡಿಯಾಗಿ ಕಂಡವು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಪ್ರಸಂಗ. ಇಂದಿನ ಕ್ರಮವೂ ಅದರದೇ ಸುಧಾರಣೆ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ಬಂದ ಮಜ್ಜೆಯನ್ನು ಒಂದೆರಡು ದಿನ ಬೆಳೆಸಿ, ಕೋಲ್ಸೆಮಿಡ್ ಹಾಕಿ ವಿಭಜನೆಯ ನಡುವೆ ತಡೆದು, ಪೊಟ್ಯಾಸಿಯಂ ಕ್ಲೋರೈಡಿನ ತೆಳು ದ್ರಾವಣದಲ್ಲಿ ಉಬ್ಬಿಸಿ, ಸ್ಲೈಡಿನ ಮೇಲೆ ಹನಿ ಹನಿಯಾಗಿ ಬೀಳಿಸುತ್ತಾರೆ. ಬಣ್ಣ ಹಾಕಿದಾಗ ಪ್ರತಿ ವರ್ಣತಂತುವಿಗೂ ಅದರದೇ ಪಟ್ಟೆಗಳು ಮೂಡುತ್ತವೆ. ಸಾಮಾನ್ಯವಾಗಿ ಇಪ್ಪತ್ತು ಕಣಗಳ 46 ವರ್ಣತಂತುಗಳನ್ನು ಹೀಗೆ ಜೋಡಿಸಿ ನೋಡುತ್ತಾರೆ. ಷಿಕಾಗೊದ ಜಾನೆಟ್ ರೌಲಿ ಈ ಪಟ್ಟೆಗಳ ಫೋಟೋಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಅಮ್ಮ ಕಾಗದದ ಬೊಂಬೆ ಆಡುತ್ತಾಳೆಂದು ಮಕ್ಕಳು ತಮಾಷೆ ಮಾಡುತ್ತಿದ್ದರಂತೆ. 1973ರಲ್ಲಿ ರೌಲಿ ಬಿಡಿಸಿದ ಒಗಟು ಇದು: ಆ ಚಿಕ್ಕ ವರ್ಣತಂತು ತುಂಡನ್ನು ಕಳೆದುಕೊಂಡಿಲ್ಲ, 22ರ ತುಂಡು 9ಕ್ಕೂ 9ರ ತುಂಡು 22ಕ್ಕೂ ಹೋಗಿ ಕೂತಿವೆ. ಹಾಗೆ ಕೂಡಿಕೊಂಡ ಬಿಸಿಆರ್-ಎಬಿಎಲ್ ಎಂಬ ಜೀನು ಕಣಕ್ಕೆ ಬೆಳೆ, ಬೆಳೆ ಎಂದು ಎಡೆಬಿಡದೆ ಆಜ್ಞೆ ಕೊಡುತ್ತದೆ. ಆ ಆಜ್ಞೆಯನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಅದರ ಪೇಟೆಂಟ್ ಕೋರಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿತು. ಇಲ್ಲಿನ ಕಂಪನಿಗಳು ತಯಾರಿಸುವ ಅಗ್ಗದ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ರೋಗಿಗಳು ಇಂದು ಕರ್ನಾಟಕದ ಯಾವ ಜಿಲ್ಲೆಯಲ್ಲೂ ಸಿಗುತ್ತಾರೆ. ಅವರು ಮೂರು ನಾಲ್ಕು ತಿಂಗಳಿಗೊಮ್ಮೆ ಮಾಡಿಸುವ ಪಿಸಿಆರ್ ಪರೀಕ್ಷೆ ಅದೇ ಜೀನನ್ನು ಅಳೆಯುತ್ತದೆ. ಅದು ಶೇ. 0.1ಕ್ಕೆ ಇಳಿದರೆ ಚಿಕಿತ್ಸೆ ಚೆನ್ನಾಗಿ ಹಿಡಿದಿದೆ ಎಂದು ಲೆಕ್ಕ. ಹಾಗಾಗಿ ಮಾತ್ರೆ ಅಗ್ಗವಾದರೆ ಸಾಲದು, ಈ ಪರೀಕ್ಷೆಯೂ ಕೈಗೆಟುಕಬೇಕು.

ಫಿಶ್ ಎಂಬ ಪರೀಕ್ಷೆಯಲ್ಲಿ ಹೊಳೆಯುವ ಚುಕ್ಕೆಗಳಿಂದ ಇದೇ ತುಂಡು ಬದಲಾವಣೆಯನ್ನು, ಕಣ ವಿಭಜನೆಗೆ ಕಾಯದೆ, ಬೇಗ ಹಿಡಿಯಬಹುದು. ಜೀನ್ ಸೀಕ್ವೆನ್ಸಿಂಗ್ ಹತ್ತಾರು ಜೀನುಗಳ ಅಕ್ಷರದೋಷವನ್ನು ಒಟ್ಟಿಗೆ ಓದುತ್ತದೆ. 2005ರಲ್ಲಿ ಪತ್ತೆಯಾದ ಜಾಕ್2 ಜೀನಿನ ಒಂದು ಬದಲಾವಣೆ, ಹಿಮೋಗ್ಲೋಬಿನ್ ಅತಿಯಾಗಿ ಏರುವ ಪಾಲಿಸೈತೀಮಿಯಾ ವೀರಾ ಎಂಬ ಕಾಯಿಲೆಯ ಸುಮಾರು ಶೇ. 95 ಜನರಲ್ಲಿ ಇರುತ್ತದೆ. ಲಿಂಫೋಮಾದ ದಾರಿ ಬೇರೆ. ಅಲ್ಲಿ ಗಂಟನ್ನೇ ತೆಗೆದು ಸೀಳಿ ನೋಡಬೇಕು. ಸೂಜಿಯಲ್ಲಿ ಚುಚ್ಚಿ ತೆಗೆದ ನಾಲ್ಕು ಕಣಗಳಿಂದ ಅದರ ಪೂರ್ತಿ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ.

ಮೈಲೋಮಾದ ಸುಳಿವು ಮೊದಲು ಸಿಕ್ಕಿದ್ದು ಮೂತ್ರದಲ್ಲಿ. 1845ರಲ್ಲಿ ಲಂಡನ್ನಿನ ವೈದ್ಯರು ಮೂಳೆನೋವಿನಿಂದ ನರಳುತ್ತಿದ್ದ ಒಬ್ಬ ವ್ಯಾಪಾರಿಯ ಮೂತ್ರವನ್ನು ರಸಾಯನ ಬಲ್ಲ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಹತ್ತಿರ ಕಳಿಸಿದರು. ಅದರಲ್ಲಿದ್ದ ಪ್ರೋಟೀನ್ ವಿಚಿತ್ರದ್ದು: ಬಿಸಿ ಮಾಡಿದರೆ ಗರಣೆಗಟ್ಟುತ್ತದೆ, ಕುದಿಸಿದರೆ ಕರಗುತ್ತದೆ, ಆರಿಸಿದರೆ ಮತ್ತೆ ಗರಣೆ. ಈಗ ಅದನ್ನು ಕುದಿಸಿ ನೋಡುವ ಅಗತ್ಯವಿಲ್ಲ. ಸೀರಂ ಅನ್ನು ವಿದ್ಯುತ್ ಹಾಯಿಸಿದ ಜೆಲ್ ಮೇಲೆ ಓಡಿಸಿದರೆ ಪ್ರೋಟೀನುಗಳು ಬೇರೆ ಬೇರೆ ದೂರಕ್ಕೆ ಹೋಗಿ ನಿಲ್ಲುತ್ತವೆ. ಆರೋಗ್ಯವಂತರಲ್ಲಿ ಗಾಮಾ ಭಾಗ ಅಗಲವಾದ ದಿಬ್ಬ; ಮೈಲೋಮಾದಲ್ಲಿ ಅಲ್ಲೊಂದು ಚೂಪು ಶಿಖರ ಏಳುತ್ತದೆ, ಒಂದೇ ಪ್ಲಾಸ್ಮಾ ಕಣದ ಸಂತತಿಯೆಲ್ಲ ಒಂದೇ ಪ್ರೋಟೀನ್ ಸುರಿಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ವಯಸ್ಸಾದವರ ಬಿಡದ ಬೆನ್ನುನೋವು, ಕಾರಣ ತಿಳಿಯದ ರಕ್ತಹೀನತೆ, ಏರಿದ ಇಎಸ್ಆರ್ ಒಟ್ಟಿಗೆ ಬಂದಾಗ ಈ ಪರೀಕ್ಷೆಯನ್ನು ನೆನಪಿಸಿಕೊಳ್ಳುವವರು ಕಡಿಮೆ. ನನಗಿರುವ ತಕರಾರು ಅದೊಂದೇ.

ಓದುಗರಲ್ಲಿ ಒಂದೆರಡು ಮಾತು. ಸಿಬಿಸಿಯ ಅಂಕಿಯ ಪಕ್ಕ ನಕ್ಷತ್ರ ಕಂಡೊಡನೆ ಮೊಬೈಲಿನಲ್ಲಿ ಹುಡುಕುತ್ತ ಕೂರಬೇಡಿ. ಸ್ಮಿಯರನ್ನು ಪೆಥಾಲಜಿಸ್ಟ್ ನೋಡಿದ್ದಾರೆಯೇ ಎಂದು ಕೇಳಿ, ಅವರು ಕೆಳಗೆ ಬರೆದ ಷರಾ ಓದಿ. ಮಾದರಿ ಕೊಡುವಾಗ ತೆಗೆದುಕೊಳ್ಳುತ್ತಿರುವ ಔಷಧ, ಹಿಂದೆ ಆದ ಜ್ವರ, ಹಾಕಿಸಿಕೊಂಡ ರಕ್ತ ಎಲ್ಲವನ್ನೂ ಫಾರಂನಲ್ಲಿ ಬರೆಸಿ. ಹಳೆಯ ವರದಿಗಳನ್ನು ಎಸೆಯಬೇಡಿ. ದೊಡ್ಡ ಆಸ್ಪತ್ರೆಗೆ ಹೋಗುವಾಗ ವರದಿಯ ಕಾಗದದ ಜೊತೆಗೆ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಒಯ್ಯಿರಿ. ಎರಡನೆಯ ವೈದ್ಯರು ಅವನ್ನೇ ಮತ್ತೆ ಓದಬಲ್ಲರು.